ಒಂಟಿ ದೀಪ

ನಮ್ಮ ಮನೆಯ ದೇವರ ಮುಂದೆ ಹಿತ್ತಾಳೆಯ ಒಂದು ದೀಪಾಲೆ ಕಂಬವಿದೆ. ‘ಒಂದು’ ಎಂಬ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ದೀಪಾಲೆ ಕಂಬವೆಂಬುದು ಉಳುವ ಎತ್ತಿನ ಹಾಗೆ, ಕಾಲಿನ ಮೆಟ್ಟಿನ ಹಾಗೆ. ಅದು ಒಂದಿರತಕ್ಕ ವಸ್ತುವಲ್ಲ, ಎರಡಿರತಕ್ಕ ವಸ್ತು. ಎರಡಿದ್ದರೆ ಅದು ಪೂಜೆಯ ಸಾಮಾನು. ಒಂದೇ ಇದ್ದರೆ ಬಂದವರ ಪ್ರಶ್ನೆಗೆ ಗುರಿಯಾಗುವ ಸಾಮಾನು. ವರಮಹಾಲಕ್ಷ್ಮಿಯ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ಬಂದ ಹೆಂಗಸರು ದೇವಿಯನ್ನು ನೋಡಿ, ಸೀರೆ ಉಡಿಸಿದ ಅಂದವನ್ನು ಹೊಗಳಿ, ಆಮೇಲೆ ತಪ್ಪದೆ ಕೇಳುತ್ತಾರೆ: “ಇದರ ಜೊತೆಯದು ಎಲ್ಲಿ?” ನನ್ನ ಹೆಂಡತಿ, “ತಿಕ್ಕುವುದಕ್ಕೆ ಹಾಕಿದ್ದೇನೆ” ಎನ್ನುತ್ತಾಳೆ. ಆರು ವರ್ಷದಿಂದ ಆ ಕಂಬ ತಿಕ್ಕಿಸಿಕೊಳ್ಳುತ್ತಲೇ ಇದೆ.

ನಿಜ ಹೇಳಬೇಕೆಂದರೆ ಅದು ತುಮಕೂರಿನಲ್ಲಿದೆ, ನನ್ನ ಅಣ್ಣನ ಮನೆಯಲ್ಲಿ.

ನಮ್ಮ ತಂದೆಯವರು ತೀರಿಕೊಂಡ ಎರಡು ವರ್ಷಕ್ಕೆ ತಾಯಿಯವರೂ ಹೋದರು. ಆಮೇಲೆ ಪಾಲಾಯಿತು. ಪಾಲು ಎಂದೊಡನೆ ಕೋರ್ಟು ಕಚೇರಿಯನ್ನು ನೆನೆಯಬೇಡಿ. ಇಬ್ಬರೂ ಓದಿದವರು, ಇಬ್ಬರಿಗೂ ತಿಂಗಳ ಸಂಬಳ ಬರುತ್ತದೆ. ಊರಿನ ಮನೆಯನ್ನು ಮಾರಿದ ಹಣದ ವಿಷಯದಲ್ಲಿ ನಮ್ಮ ನಡುವೆ ಒಂದು ಮಾತೂ ಬರಲಿಲ್ಲ. ಬಂದದ್ದು ಅಟ್ಟದ ಮೇಲಿನಿಂದ ಇಳಿಸಿದ ಪಾತ್ರೆ ಪಡಗಗಳಲ್ಲಿ. ಲಕ್ಷದ ಮಾತಿನಲ್ಲಿ ಉದಾರಿಗಳಾದವರು ಕೊಳಗದ ಮಾತಿನಲ್ಲಿ ಹೇಗೆ ಬಿಗಿಯಾಗುತ್ತಾರೆಂಬುದನ್ನು ನಾನು ಅಂದು ನೋಡಿದೆ, ಕನ್ನಡಿಯಲ್ಲಿಯೂ ನೋಡಿದೆ. ಹಂಡೆ ಅವನಿಗೆ, ಕೊಪ್ಪರಿಗೆ ನನಗೆ. ಬೆಳ್ಳಿಯ ಪಂಚಪಾತ್ರೆ ಅವನಿಗೆ, ಗಂಧದ ಕಲ್ಲು ನನಗೆ. ಹೀಗೆ ನಡೆದು ಕೊನೆಗೆ ದೀಪಾಲೆ ಕಂಬಗಳ ಜೋಡಿ ನಡುಮನೆಯಲ್ಲಿ ಉಳಿಯಿತು. ಹಿರಿಯ ಮಗನ ಮನೆಯಲ್ಲಿ ವ್ರತ ನಡೆಯಬೇಕು, ಅದು ನನಗೆ ಸೇರತಕ್ಕದ್ದು ಎಂದ ಅಣ್ಣ. ಅಮ್ಮ ನನ್ನ ಹೆಂಡತಿಗೆ ತಾನೇ ಹೇಳಿದ್ದಾಳೆ, ‘ಇವು ನಿನಗೆ’ ಎಂದು, ಎಂದೆ ನಾನು. ನಾನು ಸುಳ್ಳು ಹೇಳಲಿಲ್ಲ. ಅತ್ತಿಗೆಗೂ ಅಮ್ಮ ಅದೇ ಮಾತನ್ನು ಹೇಳಿದ್ದಳೆಂದು ಆಮೇಲೆ ತಿಳಿಯಿತು. ತಾಯಂದಿರಿಗೆ ಆ ಸ್ವಭಾವವುಂಟು.

ಮಧ್ಯಸ್ಥಿಕೆಗೆ ಬಂದಿದ್ದ ಸೋದರಮಾವನಿಗೆ ಬಸ್ಸಿನ ಹೊತ್ತಾಗಿತ್ತು. “ಆಳಿಗೊಂದು ತೆಗೆದುಕೊಳ್ಳಿ, ಮುಗಿಯಿತು” ಎಂದುಬಿಟ್ಟರು. ಸೊಲೊಮನ್ ದೊರೆಯ ಮುಂದೆ, ಮಗುವನ್ನು ಕಡಿಯಬೇಡಿ ಎಂದು ಕೂಗುವುದಕ್ಕೆ ಒಬ್ಬ ತಾಯಿಯಾದರೂ ಇದ್ದಳು. ನಮ್ಮಲ್ಲಿ ಇಬ್ಬರೂ “ಆಗಲಿ” ಎಂದೆವು.

ಅಂದಿನಿಂದ ಮಾತು ನಿಂತಿತು. ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ, ಬಾವಿಗೆ ಬಿದ್ದ ಕೊಡದ ಹಾಗೆ, ಇವತ್ತು ತೆಗೆದರಾಯಿತು ನಾಳೆ ತೆಗೆದರಾಯಿತು ಎನ್ನುತ್ತ ಅದು ತಳಕ್ಕೆ ಇಳಿದುಹೋಯಿತು. ತಂದೆತಾಯಿಯರ ಶ್ರಾದ್ಧವನ್ನೂ ಅವನು ಅಲ್ಲಿ, ನಾನು ಇಲ್ಲಿ ಮಾಡತೊಡಗಿದೆವು.

ಈ ಕಂಬವನ್ನು ಸ್ವಲ್ಪ ವರ್ಣಿಸಬೇಕು. ಎತ್ತರ ಹದಿನೆಂಟು ಇಂಚಿನ ಆಸುಪಾಸು. ಅಡಿಯಲ್ಲಿ ಬೋರಲು ಹಾಕಿದ ತಾವರೆಯಂಥ ಪೀಠ; ಅದರ ಮೇಲೆ ಬಳೆ ಬಳೆಯಾಗಿ ಏರುವ ಕಂಬ; ಕಂಬದ ಮೇಲೆ ಐದು ಮೂತಿಯ ಎಣ್ಣೆಯ ತಟ್ಟೆ; ತುದಿಯಲ್ಲಿ ಒಂದು ಹಂಸ. ನಾಲ್ಕು ಭಾಗವೂ ಬೇರೆ ಬೇರೆ. ಒಂದರೊಳಗೊಂದು ತಿರುಪಿನಿಂದ ಕೂಡುತ್ತವೆ. ತಮಿಳುನಾಡಿನ ಕುತ್ತುವಿಳಕ್ಕು, ಕೇರಳದ ನಿಲವಿಳಕ್ಕು, ಉತ್ತರ ಕರ್ನಾಟಕದ ಸಮೆ, ಇವೆಲ್ಲ ಇದೇ ಮನೆತನದವು. ಹೆಂಗಸೊಬ್ಬಳು ಕೈಯಲ್ಲಿ ಹಣತೆ ಹಿಡಿದು ನಿಂತ ಹಾಗಿರುವ ದೀಪವೊಂದುಂಟು. ಅದಕ್ಕೆ ದೀಪದ ಮಲ್ಲಿ ಎನ್ನುತ್ತಾರೆ, ಕೆ. ಎಸ್. ನರಸಿಂಹಸ್ವಾಮಿಯವರ ಒಂದು ಕವನಸಂಗ್ರಹಕ್ಕೆ ಅದೇ ಹೆಸರು. ಆದರೆ ನಮ್ಮ ಕಡೆ ಬಡ ಪುರೋಹಿತರ, ಮೇಷ್ಟರ ಮನೆಗಳಲ್ಲಿ ಮಲ್ಲಿಯರು ಇರಲಿಲ್ಲ, ಕಂಬಗಳಿದ್ದುವು. ‘ದೀಪಾಲೆ’ ಎಂಬುದು ‘ದೀಪಮಾಲೆ’ಯೇ ನಾಲಗೆಯ ಮೇಲೆ ಸವೆದು ಆದದ್ದೆಂದು ನನ್ನ ಊಹೆ. ಬಳಸಿದ ಹಿತ್ತಾಳೆಯೂ ಬಳಸಿದ ಮಾತೂ ಸವೆಯುವ ರೀತಿ ಒಂದೇ: ಮೂಲೆಗಳು ಮೊದಲು ಹೋಗುತ್ತವೆ.

ನೋಡುವುದಕ್ಕೆ ಸುಮ್ಮನೆ ಅಲಂಕಾರವೆಂದು ತೋರುವ ಭಾಗಗಳಿಗೆಲ್ಲ ಒಂದೊಂದು ಕೆಲಸವಿದೆ. ಪೀಠ ಅಗಲವಾಗಿ ತೂಕವಾಗಿರುವುದು ಮಕ್ಕಳ ಕೈ ತಗುಲಿದರೆ ಉರುಳದಿರಲೆಂದು. ಕಂಬದ ಬಳೆಗಳು ಎಣ್ಣೆಗೈಯಲ್ಲಿ ಹಿಡಿದರೆ ಜಾರದಿರಲೆಂದು. ತಟ್ಟೆಯ ಮೂತಿ ಚೂಪಾಗಿರುವುದು ಬತ್ತಿ ಅಲ್ಲಿಯೇ ಒರಗಿ ನಿಲ್ಲಲೆಂದು. ಉರಿಯುವುದು ಬತ್ತಿಯಲ್ಲ, ಎಣ್ಣೆ. ಹತ್ತಿಯ ಎಳೆಗಳ ಸಂದಿನಲ್ಲಿ ಎಣ್ಣೆ ತಾನಾಗಿ ಮೇಲಕ್ಕೇರಿ, ತುದಿಯಲ್ಲಿ ಕಾದು ಆವಿಯಾಗಿ ಉರಿಯುತ್ತದೆ. ಎಣ್ಣೆ ಇರುವ ತನಕ ಬತ್ತಿ ಹೆಚ್ಚಾಗಿ ಸುಡುವುದಿಲ್ಲ. ಎಣ್ಣೆ ತೀರಿದರೆ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಅಮ್ಮನಿಗೆ ಈ ಭೌತಶಾಸ್ತ್ರ ಗೊತ್ತಿರಲಿಲ್ಲ. ಆದರೆ ಅಡಿಗೆಮನೆಯಲ್ಲಿದ್ದುಕೊಂಡೇ, ದೇವರ ಮನೆಯಿಂದ ಬರುವ ಕಮಟಿನಿಂದ, “ಎಣ್ಣೆ ಮುಗಿಯಿತು, ಬತ್ತಿ ಹತ್ತಿತು, ಹೋಗಿ ಹಾಕೋ” ಎಂದು ಕೂಗುತ್ತಿದ್ದಳು. ದೇವರಿಗೆ ಎಳ್ಳೆಣ್ಣೆ, ವಿಶೇಷದ ದಿನ ತುಪ್ಪ. ಅಮ್ಮನ ತವರಿನಲ್ಲಿ ಹಿಂದೆ ಹರಳೆಣ್ಣೆ ಹೊಂಗೆಯೆಣ್ಣೆಗಳನ್ನೂ ಉರಿಸುತ್ತಿದ್ದರಂತೆ. ಹೊಂಗೆಯ ದೀಪದ ವಾಸನೆ ಬಂದರೆ ಅವಳಿಗೆ ಕಣ್ಣು ತುಂಬುತ್ತಿತ್ತು. ನಮಗೆ ಮೂಗು ಮುಚ್ಚಿಕೊಳ್ಳಬೇಕೆನ್ನಿಸುತ್ತಿತ್ತು.

ನಾನು ಹುಟ್ಟುವ ಹೊತ್ತಿಗೆ ವಿದ್ಯುತ್ತು ಹಳೆಯ ಸಂಗತಿಯಾಗಿತ್ತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, ಮೂರು ವರ್ಷದಲ್ಲಿ ಮೈಸೂರಿಗೂ ಬಂತು. ಆದರೂ ನಮ್ಮ ಮನೆಯಲ್ಲಿ ಸಂಜೆ ನಡುಮನೆಯ ಸ್ವಿಚ್ಚು ಒತ್ತಿದವರು ಬಲ್ಬಿಗೆ ಕೈಮುಗಿಯುತ್ತಿದ್ದರು. ನೀವೂ ಮುಗಿಯುತ್ತಿದ್ದಿರಬಹುದು, ನಾಚಿಕೆಪಡಬೇಕಾದ್ದಿಲ್ಲ, ನಾನು ಈಗಲೂ ಮುಗಿಯುತ್ತೇನೆ. ದೀಪ ಹಚ್ಚುವುದಕ್ಕೆ ನಮ್ಮ ಹಿರಿಯರು ‘ದೀಪ ಮುಡಿಸು’ ಎನ್ನುತ್ತಿದ್ದರು, ಹೂವು ಮುಡಿಸಿದ ಹಾಗೆ. ಉರಿಯ ತುದಿಗೆ ‘ಕುಡಿ’ ಎಂದರು, ಬಳ್ಳಿಯ ಚಿಗುರಿಗೆ ಹೇಳಿದ ಹಾಗೆ. ಆರಿಸುವುದಕ್ಕಂತೂ ‘ಆರಿಸು’ ಎನ್ನುವ ಹಾಗೇ ಇರಲಿಲ್ಲ. ‘ದೀಪ ಶಾಂತ ಮಾಡು’ ಎನ್ನಬೇಕು. ಬಾಯಿಂದ ಊದಿದರೆ ಬೆನ್ನ ಮೇಲೆ ಬೀಳುತ್ತಿತ್ತು. ಹೂವಿನಿಂದ ಮೆಲ್ಲಗೆ ಒತ್ತಬೇಕು. ಬಲ್ಬಿಗೆ ಈ ಮಾತುಗಳಾವುವೂ ದಕ್ಕಲಿಲ್ಲ. ಅದು ‘ಆನ್’ ಆಗುತ್ತದೆ, ‘ಆಫ್’ ಆಗುತ್ತದೆ. ಕೈಮುಗಿಸಿಕೊಂಡದ್ದೇ ಅದರ ಲಾಭ.

ಮಾತಿನ ವಿಷಯ ಬಂದರೆ ನನ್ನ ಕಸುಬು ಅಡ್ಡ ಬರುತ್ತದೆ, ಕ್ಷಮಿಸಬೇಕು. ದೀಪಕ್ಕೆ ಹಳಗನ್ನಡದಲ್ಲಿ ‘ಸೊಡರ್’ ಎಂದು ಹೆಸರು. ತಮಿಳಿನ ‘ಸುಡರ್’ ಅದರ ಒಡಹುಟ್ಟು. ಸಂಸ್ಕೃತದ ‘ದೀಪಿಕೆ’ ನಮ್ಮಲ್ಲಿ ‘ದೀವಿಗೆ’ಯಾಯಿತು. ತರಗತಿಯಲ್ಲಿ ಶಾಸನ ಪಾಠಮಾಡುವಾಗ ‘ನಂದಾದೀವಿಗೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರಿನ ಎಣ್ಣೆಗಾರರು, ತೆಲ್ಲಿಗರೈವತ್ತೊಕ್ಕಲು ಎಂದು ಶಾಸನಗಳು ಕರೆಯುವವರು, ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ತಮಗೆ ತಾವೇ ತೆರಿಗೆ ಹಾಕಿಕೊಂಡು, ಚಂದ್ರಸೂರ್ಯರು ಇರುವ ತನಕ ನಡೆಯಲಿ ಎಂದು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಹೋದ ವರ್ಷ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಆಮೇಲೆ ಅವರ ಮಕ್ಕಳು ಪಾಲಾದರೆ ಎಣ್ಣೆ ಯಾರು ಕೊಡಬೇಕು?” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲಿ ಮನೆಗೆ ಬಂತು.

ಈಗ ಭೀಮನ ಅಮಾವಾಸ್ಯೆಯ ಮಾತು. ಆಷಾಢದ ಅಮಾವಾಸ್ಯೆಯ ದಿನ ಮನೆಯ ಹೆಂಗಸರು ಜ್ಯೋತಿರ್ಭೀಮೇಶ್ವರ ವ್ರತ ಮಾಡುತ್ತಾರೆ. ಅಂದು ಪೂಜೆಗೊಳ್ಳುವುದು ವಿಗ್ರಹವಲ್ಲ, ಪಟವಲ್ಲ, ದೀಪಾಲೆ ಕಂಬಗಳೇ. ಒಂದು ಈಶ್ವರ, ಒಂದು ಪಾರ್ವತಿ. ಆದ್ದರಿಂದ ಉಳಿದ ಹಬ್ಬಗಳಲ್ಲಿ ಹೇಗಾದರೂ ನಡೆದೀತು, ಅಂದು ಮಾತ್ರ ಒಂಟಿ ಕಂಬದಿಂದ ನಡೆಯುವುದಿಲ್ಲ. ವ್ರತದ ಕಥೆ ನಿಮಗೆ ಗೊತ್ತಿರಬಹುದು. ತಂದೆತಾಯಿಗಳು ಕಾಶಿಗೆ ಹೋಗುವಾಗ ಮಗಳನ್ನು ಅಣ್ಣನ ವಶಕ್ಕೆ ಒಪ್ಪಿಸುತ್ತಾರೆ. ಆ ಅಣ್ಣ ಹಣದಾಸೆಗೆ ಅವಳನ್ನು ಸತ್ತ ರಾಜಕುಮಾರನಿಗೆ ಮದುವೆಮಾಡಿ ಕೊಟ್ಟುಬಿಡುತ್ತಾನೆ. ಹೆಣದ ಪಕ್ಕದಲ್ಲಿ ಒಬ್ಬಳೇ ಕುಳಿತ ಹುಡುಗಿ, ಇವತ್ತು ಅಮಾವಾಸ್ಯೆಯೆಂದು ನೆನೆದು, ಹೊಳೆಯ ದಂಡೆಯ ಮಣ್ಣಿನಲ್ಲಿಯೇ ದೀಪ ಮಾಡಿ, ಮಣ್ಣಿನಲ್ಲಿಯೇ ಭಂಡಾರ ಮಾಡಿ ಪೂಜಿಸುತ್ತಾಳೆ. ಭಂಡಾರ ಒಡೆಯುವ ಒಡಹುಟ್ಟಿದವನು ಇಲ್ಲ. ಶಿವಪಾರ್ವತಿಯರೇ ದಾರಿಹೋಕರಂತೆ ಬಂದು ಒಡೆದುಕೊಡುತ್ತಾರೆ. ಗಂಡ ನಿದ್ದೆಯಿಂದೆದ್ದವನಂತೆ ಏಳುತ್ತಾನೆ. ಚಿಕ್ಕಂದಿನಲ್ಲಿ ಈ ಕಥೆಯಲ್ಲಿ ನನಗೆ ಆಶ್ಚರ್ಯವಾಗುತ್ತಿದ್ದುದು ಹೆಣ ಎದ್ದದ್ದಲ್ಲ, ಅಣ್ಣ ಮಾರಿದ್ದು.

ಭಂಡಾರವೆಂದರೆ ಹಿಟ್ಟಿನ ಕಡುಬಿನೊಳಗೆ ಕಾಸು ಇಟ್ಟದ್ದು. ಹೊಸ್ತಿಲ ಮೇಲೆ ಇಟ್ಟು ಮೊಣಕೈಯಿಂದ ಗುದ್ದಿ ಒಡೆಯಬೇಕು. ನಮಗೆ ಅಕ್ಕತಂಗಿಯರಿಲ್ಲ, ಅಮ್ಮನ ಭಂಡಾರವನ್ನೇ ಅಣ್ಣನೂ ನಾನೂ ಒಡೆಯುತ್ತಿದ್ದೆವು. ಅಣ್ಣ ನನಗಿಂತ ಏಳು ವರ್ಷಕ್ಕೆ ದೊಡ್ಡವನು. ಅವನ ಏಟಿಗೆ ಕಾಸು ಹೊಸ್ತಿಲು ದಾಟಿ ಹಜಾರಕ್ಕೆ ಹಾರುತ್ತಿತ್ತು. ನನ್ನ ಏಟಿಗೆ ಹಿಟ್ಟು ಚಪ್ಪಟೆಯಾಗುತ್ತಿತ್ತು. ಆಗ ಅವನೇ ನನ್ನ ಮೊಣಕೈ ಹಿಡಿದು ಎತ್ತಿ ಗುದ್ದಿಸುತ್ತಿದ್ದ. ಕಂಬಗಳನ್ನು ನಿಲ್ಲಿಸುವುದಕ್ಕೆ ಎರಡು ತಟ್ಟೆ, ತಟ್ಟೆಯಲ್ಲಿ ಅಕ್ಕಿ. ಅಮ್ಮ ಒಂದು ತಟ್ಟೆಗೆ ಎರಡು ಹಿಡಿ ಅಕ್ಕಿ ಹಾಕಿದರೆ ಇನ್ನೊಂದಕ್ಕೆ ಮೂರು ಹಿಡಿ ಹಾಕುತ್ತಿದ್ದಳು. ಏಕೆಂದು ನಾನು ಒಮ್ಮೆ ಕೇಳಿದ್ದುಂಟು. “ಅದು ಹಾಗೇ” ಎಂದಳು. ಅಮ್ಮನ ಶಾಸ್ತ್ರದಲ್ಲಿ ಬಹಳ ಸೂತ್ರಗಳಿಗೆ ಅದೇ ಭಾಷ್ಯ.

ಪಾಲಾದ ಮೇಲೆ ನನ್ನ ಹೆಂಡತಿ ಐದು ಅಮಾವಾಸ್ಯೆಗಳನ್ನು ಎರಡು ಬೆಳ್ಳಿಯ ಪುಟ್ಟ ದೀಪಗಳಿಂದ ಸಾಗಿಸಿದಳು. ಈ ವರ್ಷ, “ಒಂದು ಜೊತೆ ಮಾಡಿಸಿ, ಇಲ್ಲವೆ ಇದನ್ನೂ ಅಟ್ಟಕ್ಕೆ ಹಾಕಿ. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ” ಎಂದಳು. ನಾನು ಕಂಬವನ್ನು ಚೀಲದಲ್ಲಿಟ್ಟುಕೊಂಡು ಮೈಸೂರಿನ ಪೇಟೆಯಲ್ಲಿ ಅಲೆದೆ. ಅಂಗಡಿಗಳಲ್ಲಿ ದೀಪಗಳಿಗೇನು ಕೊರತೆ! ಕುಂಭಕೋಣದ ಹತ್ತಿರದ ನಾಚ್ಚಿಯಾರ್‌ಕೋಯಿಲಿನಿಂದ ಬಂದವು ಒಂದು ಸಾಲು, ಉತ್ತರದ ಮುರಾದಾಬಾದಿನಿಂದ ಬಂದವು ಒಂದು ಸಾಲು. ಮುಂದುಗಡೆ ಬುಟ್ಟಿಯಲ್ಲಿ ಎಣ್ಣೆಯೂ ಬೇಡ ಬತ್ತಿಯೂ ಬೇಡ, ಬ್ಯಾಟರಿಯಿಂದ ಕುಡಿ ಅಲ್ಲಾಡಿಸುವ ಪ್ಲಾಸ್ಟಿಕ್ ಹಣತೆಗಳು. ಆದರೆ ನನ್ನ ಹಂಸಕ್ಕೆ ಹೊಂದುವ ಹಂಸ ಎಲ್ಲಿಯೂ ಸಿಕ್ಕಲಿಲ್ಲ. ಅಂಗಡಿಯವನೊಬ್ಬ ಸಂಬಂಧ ಕುದುರಿಸುವ ದಲ್ಲಾಳಿಯ ಧಾಟಿಯಲ್ಲಿ, “ಇದನ್ನು ತೂಕಕ್ಕೆ ಹಾಕಿ ಸಾರ್, ಹೊಸ ಜೋಡಿಯನ್ನೇ ತೆಗೆದುಕೊಂಡು ಹೋಗಿ” ಎಂದ. ಲೆಕ್ಕದಲ್ಲಿ ಅವನ ಮಾತೇ ಸರಿ. ನಾನು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಇಳಿದೆ.

ಕೊನೆಗೆ ನಾಗಮಂಗಲಕ್ಕೆ ಹೋದೆ. ಮಂಡ್ಯ ಜಿಲ್ಲೆಯ ಈ ಊರಿಗೆ ಹೊಯ್ಸಳರ ಕಾಲದ ಸೌಮ್ಯಕೇಶವನ ಗುಡಿ ಹೇಗೆ ಹೆಸರೋ ಹಿತ್ತಾಳೆ ಕಂಚಿನ ಎರಕವೂ ಹಾಗೆಯೇ ಹೆಸರು. ಶ್ರೀರಂಗಪಟ್ಟಣ ಪಾಂಡವಪುರಗಳನ್ನು ದಾಟಿ ಬಸ್ಸು ಅಲ್ಲಿಗೆ ತಲಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೇಳಿಕೊಂಡು ಹೋದ ಮನೆಯ ಹಿತ್ತಲಿನಲ್ಲಿ ಮುದುಕರೊಬ್ಬರು ಮಣೆಯ ಮೇಲೆ ಕುಳಿತು ಗಂಟೆಯೊಂದಕ್ಕೆ ಅರ ಹಾಕುತ್ತಿದ್ದರು. ಮಗ ಕುಲುಮೆಯ ಹತ್ತಿರ ಇದ್ದ. ಹಿಂದಿನ ತಿದಿಯ ಜಾಗದಲ್ಲಿ ಈಗ ಕರೆಂಟಿನ ಪಂಖ. ಉಳಿದದ್ದು ಹಳೆಯದೇ, ಇದ್ದಲು, ಮೂಸೆ, ಇಕ್ಕಳ, ಮಣ್ಣು.

ನಾನು ಹೋದ ಹೊತ್ತಿಗೆ ಸರಿಯಾಗಿ ಒಂದು ಎರಕ ಹೊಯ್ಯುವುದಿತ್ತು. “ಕೂತ್ಕಳಿ ಸ್ವಾಮಿ, ಈಗ ಮಾತಾಡಕಾಗಕಿಲ್ಲ” ಎಂದರು. ಎರಡು ಚೌಕಟ್ಟುಗಳಲ್ಲಿ ನಯವಾದ ಮಣ್ಣು ಮರಳು ತುಂಬಿ, ಮಾದರಿಯನ್ನು ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಒತ್ತಿ, ಮೆತ್ತಗೆ ಎತ್ತಿಬಿಟ್ಟಿದ್ದರು. ಒಳಗೆ ಉಳಿದದ್ದು ದೀಪದ ಆಕಾರದ ಬರಿಯ ಬಯಲು. ಅದಕ್ಕೆ ಒಂದು ಬಾಯಿ, ಗಾಳಿ ಹೋಗುವುದಕ್ಕೆ ಕಿಂಡಿ. ಮೂಸೆಯಲ್ಲಿ ತಾಮ್ರ ಕರಗಿದ ಮೇಲೆ ಸತುವನ್ನು ಹಾಕಿದರು. ಕೂಡಲೇ ಬೆಳ್ಳಗೆ ದಟ್ಟವಾದ ಹೊಗೆ ಎದ್ದಿತು. ತಾಮ್ರ ಕರಗುವ ಕಾವು ಸತುವಿಗೆ ತಡೆಯದು, ಅದು ಕುದಿದು ಹಾರಿಹೋಗತೊಡಗುತ್ತದೆ; ತಡಮಾಡಿದರೆ ಹಿತ್ತಾಳೆಯ ಪಾಕ ಕೆಡುತ್ತದೆ. ಆದ್ದರಿಂದಲೇ ಆ ಹೊತ್ತಿನಲ್ಲಿ ಮಾತಿಲ್ಲ. ತಂದೆ ಹುಬ್ಬು ಹಾರಿಸಿದರು, ಮಗ ಮೂಸೆ ಎತ್ತಿದ, ಕಿತ್ತಳೆ ಬಣ್ಣದ ಒಂದು ಎಳೆ ಬಾಯಿಯೊಳಕ್ಕೆ ಇಳಿಯಿತು. ಎಳೆ ಕಡಿಯಬಾರದು, ಕಡಿದರೆ ಒಳಗೆ ಬಿರುಕು. ನನಗೆ ಮದುವೆಯಲ್ಲಿ ಧಾರೆ ಎರೆಯುವುದು ನೆನಪಾಯಿತು.

ಆಮೇಲೆ ಮುದುಕರು ಕೈತೊಳೆದುಕೊಂಡು ಬಂದು ನನ್ನ ಕಂಬವನ್ನು ತೆಗೆದುಕೊಂಡರು. ತಿರುಪುಗಳನ್ನು ಬಿಚ್ಚಿದರು. ನಾಲ್ಕು ಭಾಗಗಳನ್ನೂ ಗೋಣಿಯ ಮೇಲೆ ಸಾಲಾಗಿ ಇಟ್ಟರು. ತಾವರೆಯ ದಳಗಳ ಮೇಲೆ ಹೆಬ್ಬೆರಳು ಓಡಿಸಿದರು, ಪೀಠದ ಒಳಮೈಯನ್ನು ಬಿಸಿಲಿಗೆ ಹಿಡಿದು ನೋಡಿದರು. ಜೊತೆಯದು ಎಲ್ಲಿ ಎಂದು ಕೇಳುತ್ತಾರೆ, ಏನು ಹೇಳಲಿ ಎಂದು ನಾನು ಮನಸ್ಸಿನಲ್ಲಿಯೇ ಸಿದ್ಧನಾಗುತ್ತಿದ್ದೆ. ಅವರು ಕೇಳಿದ್ದು ಬೇರೆ.

“ಇದರ ಅಣ್ಣ ಎಲ್ಲವ್ನೆ ಸ್ವಾಮಿ?”

ನನಗೆ ಒಂದು ಕ್ಷಣ ಉಸಿರು ಹಿಡಿಯಿತು. ತುಮಕೂರಿನ ವಿಷಯ ಈ ಹಿತ್ತಲಿಗೆ ಹೇಗೆ ಬಂತು? ಮುದುಕರು ನಕ್ಕು, ಹಂಸವನ್ನು ನನ್ನ ಕೈಗೆ ಕೊಟ್ಟರು. “ನೋಡಿ, ರೆಕ್ಕೆ ಗೆರೆ ಎಲ್ಲ ಮೊಂಡಾಗದೆ. ತಿಕ್ಕಿ ಸವೆದಿದ್ರೆ ಎದೆ ಭಾಗ ಸವೀಬೇಕು, ಕಂಕುಳ ಸಂದೀಲಿ ಗೆರೆ ಚೂಪಾಗಿರಬೇಕು. ಸಂದೀಲೂ ಮೊಂಡೇ ಅದೆ. ಇಲ್ಲಿ, ಮೊಂಡು ಗೆರೆ ಮೇಲೆ ಯಾರೋ ಉಳಿ ತಕ್ಕಂಡು ಇನ್ನೊಂದ್ಸಲ ಗೀರವ್ರೆ. ಇದು ಮಾದರಿಯಿಂದ ತೆಗೆದ ಕಂಬ ಅಲ್ಲ. ಕಂಬದಿಂದ ತೆಗೆದ ಕಂಬ. ಅಂದ್ರೆ ಇದು ತಮ್ಮ.”

ಆಮೇಲೆ ವಿವರಿಸಿದರು. ಕಾದ ಲೋಹ ಆರುವಾಗ ಕುಗ್ಗುತ್ತದೆ. ಹಿತ್ತಾಳೆ ನೂರಕ್ಕೆ ಒಂದೂವರೆ ಎರಡರಷ್ಟು ಕುಗ್ಗಿಯೇ ಕುಗ್ಗುತ್ತದೆ. ಬಲ್ಲ ಎರಕದವನು ಮಾದರಿ ಮಾಡುವಾಗಲೇ ಅಷ್ಟನ್ನು ಹೆಚ್ಚಿಗೆ ಇಟ್ಟುಕೊಳ್ಳುತ್ತಾನೆ. ಆದರೆ ಇರುವ ಕಂಬವನ್ನೇ ಮಣ್ಣಿಗೆ ಒತ್ತಿ ಅದರಂತೆ ಇನ್ನೊಂದನ್ನು ಹೊಯ್ದರೆ, ಹೊಸದು ಹಳೆಯದಕ್ಕಿಂತ ಅಷ್ಟು ಚಿಕ್ಕದಾಗಿಯೇ ಹುಟ್ಟುತ್ತದೆ. ಅರ ಹಾಕಿ ಮೆರುಗು ಕೊಡುವಾಗ ಇನ್ನೊಂದು ಕೂದಲೆಳೆ ಹೋಗುತ್ತದೆ. ಹದಿನೆಂಟು ಇಂಚಿನ ಕಂಬಕ್ಕೆ ಕಾಲು ಇಂಚಿಗೂ ಮಿಕ್ಕು ವ್ಯತ್ಯಾಸ.

“ಹಾಗಾದರೆ ನೀವು ಇದರಿಂದ ಮಾಡಿಕೊಡುವುದು ಇನ್ನೂ ಚಿಕ್ಕದಾಗುತ್ತದೆಯಲ್ಲ?” ಎಂದೆ.

“ಆಯ್ತದೆ. ತಮ್ಮನ ತಮ್ಮ ಆಯ್ತದೆ. ನಿಮಗೆ ಸಮ ಬೇಕು ಅಂದ್ರೆ ಅಣ್ಣನ್ನ ತಕ್ಕಂಡು ಬನ್ನಿ. ಅಣ್ಣನಿಂದ ತೆಗೆದ್ರೆ ಇದಕ್ಕೆ ಸಮ ಬತ್ತದೆ.”

ಮುಂಗಡ ಕೊಡಹೋದೆ. “ತಂದಾಗ ಕೊಡಿ” ಎಂದು ಬಿಚ್ಚಿದ ಕಂಬವನ್ನು ಪುನಃ ಕೂಡಿಸಿ, ತಮ್ಮ ಪಂಚೆಯ ಅಂಚಿನಿಂದ ಒರೆಸಿ ಕೈಗಿಟ್ಟರು.

ಬಸ್ಸಿನ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತೆ. ಮೈಸೂರಿನ ಬಸ್ಸು ಬಂದು ಹೋಯಿತು. ನಾಗಮಂಗಲದಿಂದ ಉತ್ತರಕ್ಕೆ ಹೊರಟರೆ ಬೆಳ್ಳೂರು ಕ್ರಾಸು. ಅಲ್ಲಿಂದ ಕುಣಿಗಲು, ಕುಣಿಗಲಿನಿಂದ ತುಮಕೂರು. ಇದನ್ನು ಆರು ವರ್ಷದಲ್ಲಿ ಎಷ್ಟು ಸಲ ಮನಸ್ಸಿನಲ್ಲಿಯೇ ಪ್ರಯಾಣ ಮಾಡಿದ್ದೆನೋ. ಪ್ರತಿ ಸಲವೂ ಅಣ್ಣನ ಮನೆಯ ಗೇಟಿನ ಹತ್ತಿರ ನಿಂತು, ‘ಏನೆಂದು ಹೇಳಿಕೊಂಡು ಒಳಗೆ ಹೋಗಲಿ?’ ಎಂದು ಹಿಂದಿರುಗುತ್ತಿದ್ದೆ. ತಪ್ಪಾಯಿತು ಎನ್ನುವುದಕ್ಕೆ ನಾನೊಬ್ಬನೇ ತಪ್ಪು ಮಾಡಿರಲಿಲ್ಲ. ನಿನ್ನದು ತಪ್ಪು ಎನ್ನುವುದಕ್ಕೆ ಅವನೊಬ್ಬನೇ ಮಾಡಿರಲಿಲ್ಲ. ಇವತ್ತು ಹೇಳುವುದಕ್ಕೆ ಒಂದು ಮಾತಿತ್ತು. ‘ನಿನ್ನ ಕಂಬದ ಅಳತೆ ತೆಗೆದುಕೊಳ್ಳಬೇಕು.’ ಗೇಟಿನ ಹತ್ತಿರ ಹೇಳಬಹುದಾದ ಮಾತು.

ಸಂಜೆ ತುಮಕೂರು ಮುಟ್ಟಿದೆ. ಬಾಗಿಲು ತೆಗೆದವರು ಅತ್ತಿಗೆ. ನನ್ನನ್ನೂ ಚೀಲವನ್ನೂ ನೋಡಿದರು. “ಬಾಪ್ಪ” ಎಂದರು, ನಿನ್ನೆ ತಾನೇ ಪೇಟೆಗೆ ಹೋಗಿ ಬಂದವನನ್ನು ಕರೆಯುವ ಹಾಗೆ. ಅಣ್ಣ ಒಳಗಿನಿಂದ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕು?

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಒಪ್ಪಿಸಿದೆ. ಅಣ್ಣ ಏನೂ ಹೇಳದೆ ದೇವರ ಮನೆಗೆ ಹೋಗಿ ತನ್ನ ಕಂಬವನ್ನು ತಂದ. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆವು. ಅವನದರ ಹಂಸದ ಕೊಕ್ಕು ನನ್ನದಕ್ಕಿಂತ ಒಂದು ಗೋಧಿಯ ಕಾಳಿನಷ್ಟು ಮೇಲಿತ್ತು. ಕಂಕುಳ ಸಂದಿಯಲ್ಲಿ ರೆಕ್ಕೆಯ ಗೆರೆಗಳು ನಿನ್ನೆ ಗೀರಿದಂತೆ ಚೂಪಾಗಿದ್ದುವು. ಅಣ್ಣ ಕನ್ನಡಕ ತಂದು, ದಾರ ತಂದು, ಅಳೆದ. ಅವನು ಲೆಕ್ಕಪತ್ರದ ಇಲಾಖೆಯಲ್ಲಿದ್ದವನು, ಕಣ್ಣಳತೆಯನ್ನು ನಂಬುವುದಿಲ್ಲ.

“ಅಜ್ಜಿ ಹೇಳುತ್ತಿದ್ದಳು,” ಎಂದ ಸ್ವಲ್ಪ ಹೊತ್ತಿನ ಮೇಲೆ. “ನೀನಿನ್ನೂ ಚಿಕ್ಕವನು, ನಿನಗೆ ಗೊತ್ತಿಲ್ಲ. ತಾತನೂ ಅವರ ತಮ್ಮನೂ ಪಾಲಾದಾಗ ಇಬ್ಬರಿಗೂ ಒಂದೊಂದು ಕಂಬ ಬಂತಂತೆ. ಅಜ್ಜಿ ಎಮ್ಮೆಯ ಹಾಲು ಮಾರಿ ದುಡ್ಡು ಕೂಡಿಸಿ ಇನ್ನೊಂದು ಮಾಡಿಸಿದಳಂತೆ. ಯಾವುದು ಹಳೆಯದು, ಯಾವುದು ಮಾಡಿಸಿದ್ದು ಅಂತ ನಾನು ಕೇಳಲೇ ಇಲ್ಲ.”

“ಚಿಕ್ಕ ತಾತನ ಕಡೆಯದು ಈಗ ಎಲ್ಲಿದೆ?”

“ಯಾರಿಗೆ ಗೊತ್ತು? ಅವರ ಮಕ್ಕಳ ಮುಖವನ್ನೇ ನಾವು ನೋಡಿಲ್ಲ.”

ಇಬ್ಬರೂ ಕಂಬಗಳನ್ನು ನೋಡುತ್ತ ಕುಳಿತೆವು. ಬೀದಿಯ ದೀಪ ಹತ್ತಿಕೊಂಡಿತು. ಅತ್ತಿಗೆ ಬಂದು ನಡುಮನೆಯ ಸ್ವಿಚ್ಚು ಒತ್ತಿ, ಬಲ್ಬಿಗೆ ಕೈಮುಗಿದು, ನಮ್ಮ ಕಡೆ ತಿರುಗಿ, “ಬರುವ ಗುರುವಾರ ಅಮಾವಾಸ್ಯೆ. ಅವಳನ್ನೂ ಕರೆದುಕೊಂಡು ಇಲ್ಲಿಗೇ ಬಂದುಬಿಡು. ಆಮೇಲೆ ಎರಕದವರ ಹತ್ತಿರ ತೆಗೆದುಕೊಂಡು ಹೋದರಾಯಿತು” ಎಂದರು.

“ಇವನ ಕೈಗೆ ಕೊಡುವುದಿಲ್ಲ,” ಎಂದ ಅಣ್ಣ. “ಬಸ್ಸಿನಲ್ಲಿ ಮರೆತು ಬರ್ತಾನೆ. ನಾಗಮಂಗಲಕ್ಕೆ ನಾನೂ ಬರ್ತೀನಿ.”

ಕಾಲೇಜಿನಲ್ಲಿ ಕೊಡೆ ಮರೆಯುವುದು ಬಿಟ್ಟರೆ ನಾನು ಏನನ್ನೂ ಮರೆಯುವವನಲ್ಲ. ಆದರೂ ಸುಮ್ಮನಿದ್ದೆ.

ಗುರುವಾರ ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ಅತ್ತಿಗೆಯೂ ನನ್ನ ಹೆಂಡತಿಯೂ ಕಂಬಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದರು. ಅಂಗಡಿಯ ಪುಡಿ ಹಾಕಬಾರದೆಂಬ ಒಂದು ವಿಷಯದಲ್ಲಿ ಇಬ್ಬರ ಅಭಿಪ್ರಾಯವೂ ಒಂದೇ ಎಂದು ಹಿತ್ತಲಿನಿಂದ ಕೇಳಿಬಂತು. ಮಂದಾಸನದ ಮುಂದೆ ರಂಗೋಲಿ ಹಾಕಿ, ಎರಡು ಹಿತ್ತಾಳೆಯ ತಟ್ಟೆಗಳನ್ನು ಇಟ್ಟರು. ನನ್ನ ಹೆಂಡತಿ ಅಕ್ಕಿಯ ಡಬ್ಬಿಯನ್ನು ತಂದು ಕೊಟ್ಟಳು. ಅತ್ತಿಗೆ ದೊಡ್ಡ ಕಂಬದ ತಟ್ಟೆಗೆ ಎರಡು ಹಿಡಿ ಹಾಕಿದರು. ಇನ್ನೊಂದು ತಟ್ಟೆಗೆ ಎರಡು ಹಿಡಿ ಹಾಕಿ, ಕಂಬವಿಟ್ಟು, ಸ್ವಲ್ಪ ಹಿಂದಕ್ಕೆ ಸರಿದು ನೋಡಿದರು. ಆಮೇಲೆ ಕಂಬವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಆ ತಟ್ಟೆಗೆ ಇನ್ನೊಂದು ಹಿಡಿ ಅಕ್ಕಿ ಸುರಿದರು.